ಚೂರಿ ಗುರುತು

ಆ ಮನೆಯಲ್ಲಿ ಅವಳನ್ನು ಅಕ್ಕ ಅನ್ನದೆ ಇದ್ದವರು ಮೇಷ್ಟ್ರೊಬ್ಬರೇ. ಅವರ ಮಗ ಅಕ್ಕ ಅನ್ನುತ್ತಿದ್ದ, ಸೊಸೆ ಅಕ್ಕ ಅನ್ನುತ್ತಿದ್ದಳು, ಹಾಲು ಹಾಕುವವನು ಕೂಡ ಅವರ ಬಾಯಿಂದ ಕೇಳಿ ಕಲಿತು ಅಕ್ಕ ಅನ್ನುತ್ತಿದ್ದ. ಅವಳು ಮಾತ್ರ ಮಗನನ್ನು ಸಾರ್ ಅನ್ನುತ್ತಿದ್ದಳು, ಸೊಸೆಯನ್ನು ಮೇಡಂ ಅನ್ನುತ್ತಿದ್ದಳು. ಅಕ್ಕನಾದವಳು ತಮ್ಮನನ್ನು ಸಾರ್ ಅನ್ನುವ ಮನೆ ಈ ಭೂಮಿ ಮೇಲೆ ಎಲ್ಲಿದೆಯಪ್ಪಾ ಅಂತ ಒಂದು ದಿನವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹತ್ತೊಂಬತ್ತು ವರ್ಷ ಯೋಚಿಸಲಿಲ್ಲ.

ಮೇಷ್ಟ್ರಿಗೆ ಅವಳು 'ಕನ್ನಡಕ'. ಗಂಡ ತೀರಿಹೋದ ವರ್ಷ ಅಡುಗೆಗೆಂದು ಬಂದವಳು, ಏಳು ವರ್ಷ ಅಡುಗೆಯಷ್ಟೇ ಮಾಡಿಕೊಂಡಿದ್ದಳು. ಆಮೇಲೆ ಮೇಷ್ಟ್ರ ಕಣ್ಣು ಹೋಯಿತು. ಆಪರೇಷನ್ ಆಯಿತು, ಇನ್ನೊಂದು ಆಪರೇಷನ್ ಆಯಿತು, ಇದ್ದ ಮಬ್ಬು ಬೆಳಕೂ ಹೋಯಿತು. "ಏ ಕನ್ನಡಕ, ಎಲ್ಲಿ ಕಳೆದುಹೋದೆ? ಬಾ ಇಲ್ಲಿ!" ಅಂತ ಅವರು ಕೆಳಗಿನ ಕೋಣೆಯಿಂದ ಕೂಗಿದರೆ ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಓಡಬೇಕು. ಏಳನೇ ಕ್ಲಾಸಿಗೆ ಬಿಟ್ಟ ಇಂಗ್ಲಿಷ್ ಅಕ್ಷರಗಳನ್ನು ನಲವತ್ತರ ಹತ್ತಿರ ಮತ್ತೆ ಹಿಡಿದುಕೊಂಡಳು. ಓದಲು ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಹೇಳುತ್ತ ಹೋಗುತ್ತಿದ್ದಳು, ಮೇಷ್ಟ್ರು ಅವನ್ನು ಕೂಡಿಸಿಕೊಂಡು ಮಾತು ಮಾಡುತ್ತಿದ್ದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವಳೇ ಕೂಡಿಸತೊಡಗಿದಳು.

ಮೇಷ್ಟ್ರು ಮಾಡುತ್ತಿದ್ದದ್ದು ನಿಘಂಟು. ನಾವು ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಹಾಕಿಕೊಂಡು ಅಗಿಯುತ್ತೇವಲ್ಲ ಇಂಗ್ಲಿಷ್ ಮಾತುಗಳು, ಅವು ಎಲ್ಲಿ ಹುಟ್ಟಿದವು, ನಮ್ಮ ಬಾಯಿಗೆ ಬಂದು ಏನಾದವು ಅಂತ ಹುಡುಕುವ ಕೆಲಸ. ಕೋಣೆಯ ಮೂರು ಗೋಡೆಗೂ ತಗಡಿನ ಉದ್ದುದ್ದ ಡಬ್ಬಿಗಳು. ಡಬ್ಬಿಯ ತುಂಬ ಅಂಗೈ ಅಗಲದ ಚೀಟಿಗಳು. ಒಂದು ಮಾತಿಗೆ ಒಂದು ಕಟ್ಟು. ಮೇಲಿನ ಚೀಟಿಯಲ್ಲಿ ಮಾತಿನ ಮೂಲ. ಅದರ ಹಿಂದೆ ಅರ್ಥಗಳು, ಎಲ್ಲಕ್ಕಿಂತ ಹಳೆಯದು ಒಂದನೆಯದು. ಅದರ ಹಿಂದೆ ಆ ಅರ್ಥದಲ್ಲಿ ಯಾರು ಆ ಮಾತಾಡಿದರು ಅನ್ನುವುದಕ್ಕೆ ಸಾಕ್ಷಿಯ ಚೀಟಿಗಳು. ಸಾಕ್ಷಿಯಲ್ಲಿ ಯಾರ ಹೆಸರೂ ಇರಕೂಡದು. ಆಡಿದ ಮಾತು, ಹೇಳಿದವರು ಕಂಡಕ್ಟರ್, ಜಾಗ ಬಸ್ಸು, ತಾರೀಖು ಇಂಥದ್ದು. ಅಷ್ಟೇ.

"ಹೆಸರು ಯಾಕೆ ಬೇಡ ಮೇಷ್ಟ್ರೇ?" ಅಂತ ಅವಳು ಒಮ್ಮೆ ಕೇಳಿದ್ದಳು.

"ಹೆಸರು ಹಾಕಿದ್ರೆ ಜನ ನೆಟ್ಟಗೆ ಮಾತಾಡ್ತಾರೆ. ನನಗೆ ಸೊಟ್ಟ ಮಾತು ಬೇಕು."

ಇನ್ನು ಚೂರಿಯ ವಿಚಾರ. ಒಂದು ಅರ್ಥ ಈಗ ಯಾರ ಬಾಯಲ್ಲೂ ಇಲ್ಲ, ಸತ್ತಿದೆ ಅಂತಾದರೆ ಅದರ ಮುಂದೆ ಕೆಂಪು ಪೆನ್ಸಿಲಿನಲ್ಲಿ ಒಂದು ಪುಟ್ಟ ಚೂರಿ ಬರೆಯಬೇಕು. ನೆಟ್ಟಗೊಂದು ಗೀಟು, ಅಡ್ಡಕ್ಕೊಂದು ಹಿಡಿ. 'ನೈಸ್' ಅನ್ನುವ ಮಾತಿಗೆ ಹುಟ್ಟುವಾಗ ಇದ್ದ ಅರ್ಥ ಏನೂ ತಿಳಿಯದ ದಡ್ಡ ಅಂತಂತೆ. ಅದನ್ನು ಕೇಳಿ ಅವಳು ಅರ್ಧ ಗಂಟೆ ನಕ್ಕಿದ್ದಳು, ನಕ್ಕು ಮುಗಿಸಿ ಚೂರಿ ಹಾಕಿದ್ದಳು. ಆದರೆ ಹಾಕಿದ ಚೂರಿಯನ್ನು ಕೀಳುವುದಕ್ಕೂ ಒಂದು ಕಟ್ಟಳೆ ಇತ್ತು. ಬೇರೆ ಬೇರೆ ಮೂರು ದಿನ, ಜೀವಂತ ಬಾಯಿಂದ ಕೇಳಿದ್ದಕ್ಕೆ ಮೂರು ಚೀಟಿ ಸಿಕ್ಕರೆ ಆ ಅರ್ಥಕ್ಕೆ ಇನ್ನೂ ಉಸಿರಿದೆ ಅಂತ ಲೆಕ್ಕ. ಆಗ ರಬ್ಬರ್ ತಗೊಂಡು ಚೂರಿ ಅಳಿಸಬೇಕು. "ಬದುಕಿರೋರನ್ನ ಹೂಳೋದಕ್ಕಿಂತ ದೊಡ್ಡ ಪಾಪ ಇಲ್ಲ ಕಣೇ" ಅನ್ನುತ್ತಿದ್ದರು ಮೇಷ್ಟ್ರು. ಹನ್ನೆರಡು ವರ್ಷದಲ್ಲಿ ಹಾಗೆ ಚೂರಿ ಕಿತ್ತದ್ದು ನಾಲ್ಕೇ ನಾಲ್ಕು ಸಲ.

ಯೋಚನೆಯಲ್ಲಿದ್ದಾಗ ಮೇಷ್ಟ್ರು ಬಾಯಿ ಬಿಡುತ್ತಿರಲಿಲ್ಲ. ತೋರುಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಮುಂದಿನ ಚೀಟಿ. ಎರಡು ಸಲ ಕುಟ್ಟಿದರೆ ಇನ್ನೊಮ್ಮೆ ಓದು. ಮೂರು ಸಲ ಕುಟ್ಟಿದರೆ ಚೂರಿ ಹಾಕು. ಮಧ್ಯಾಹ್ನದ ಹೊತ್ತು ಆ ಕೋಣೆಯ ಮುಂದೆ ಹಾದುಹೋದವರಿಗೆ ಅವಳ ದನಿ, ಟಕ್, ಟಕ್ ಟಕ್, ಮತ್ತೆ ಅವಳ ದನಿ, ಇಷ್ಟೇ ಕೇಳುತ್ತಿತ್ತು. ಮಗ ಸೊಸೆ ಇಬ್ಬರೂ ಹಾದುಹೋಗುತ್ತಿದ್ದರು. ಒಂದು ದಿನವೂ ಒಳಗೆ ಬಂದು ಇದೇನು ಟಕಟಕ ಅಂತ ಕೇಳಿದವರಲ್ಲ.

ಹಾಗಂತ ಅವರೇನು ಬೈಯುವ ಜನವಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೊಸೆಯ ಬಾಯಲ್ಲಿ ಜೇನು. ಮಹಡಿ ಮನೆ ಕಟ್ಟಿ ಮುಗಿದ ದಿನ ಅರವತ್ತು ಜನರಿಗೆ ಊಟ ಬಡಿಸಿ, ಅವಳು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ತಣ್ಣಗಾದದ್ದನ್ನು ತಟ್ಟೆಗೆ ಹಾಕಿಕೊಳ್ಳುತ್ತಿದ್ದಾಗ ಸೊಸೆ ಬಂದು ಹೆಗಲ ಮೇಲೆ ಕೈ ಇಟ್ಟಿದ್ದಳು. "ಬೇಜಾರು ಮಾಡ್ಕೋಬೇಡಿ ಅಕ್ಕ, ಹೊರಗಿನೋರ್ದು ಮೊದಲು ಆಗಲಿ ಅಂತ. ನೀವು ಫ್ಯಾಮಿಲಿ ಅಲ್ವಾ, ಕೊನೇಲಿ ತಿಂದ್ರಾಯ್ತು." ಅವಳು ಉಬ್ಬಿಹೋದಳು. ತಣ್ಣಗಿನ ಊಟ ಬಿಸಿಯಾಯಿತು.

ತಂಗಿಯ ಮಗಳ ಮದುವೆಗೆ ಎರಡು ದಿನ ರಜೆ ಕೇಳಿದಾಗ ಮಗ ನಕ್ಕುಬಿಟ್ಟಿದ್ದ. "ಫ್ಯಾಮಿಲಿ ಅಂದ್ಮೇಲೆ ರಜೆ ಗಿಜೆ ಅಂತ ಎಲ್ಲಾದ್ರೂ ಇರುತ್ತಾ ಅಕ್ಕ? ಅಪ್ಪನ್ನ ಬಿಟ್ಟು ನಿಮಗಾದ್ರೂ ಮನಸ್ಸು ಬರುತ್ತಾ?" ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದಿದ್ದ. ಅವಳು ಮದುವೆಗೆ ಹೋಗಲಿಲ್ಲ.

ತಂಗಿ ಹೊಲಿಗೆ ಅಂಗಡಿಯವಳು. ಬಾಯಿ ಕತ್ತರಿಗಿಂತ ಹರಿತ. "ಅಕ್ಕ, ಅಂಗಡಿ ಹಿಂದೆ ಒಂದು ರೂಮಿದೆ, ಬಂದಿರು ಅಂತ ಎಷ್ಟು ಸಲ ಹೇಳೋದು? ಅಲ್ಲೇನಿದೆ ನಿನಗೆ?" ಅಂತ ಫೋನಿನಲ್ಲಿ ಕೂಗಾಡಿದಳು.

"ಅವರೇ ನನ್ನ ಫ್ಯಾಮಿಲಿ ಕಣೇ."

"ಆಹಾ! ಕಿವಿ ಮೇಲೆ ಹೂವಿಟ್ಟವ್ರೆ, ನೀನು ಘಮಘಮ ಅಂತಿದ್ದೀಯ" ಅಂದು ತಂಗಿ ಫೋನಿಟ್ಟಳು. ಆಮೇಲೆ ಆರು ತಿಂಗಳು ಮಾತಿಲ್ಲ.

ಅದಾದ ಮೇಲೇ ಎಫ್ ಅಕ್ಷರದ ಡಬ್ಬಿಯ ಸರದಿ ಬಂದದ್ದು. ಅದರಲ್ಲಿ 'ಫ್ಯಾಮಿಲಿ'ಯ ಕಟ್ಟು ಕೈಗೆ ಸಿಕ್ಕಾಗ ಅವಳು ಮೇಷ್ಟ್ರ ಟಕ್ಕಿಗೂ ಕಾಯದೆ, "ಮೇಷ್ಟ್ರೇ, ಇದರ ಮೂಲ ಮೊದಲು ನೀವೇ ಹೇಳಿಬಿಡಿ, ಆಮೇಲೆ ಓದ್ತೀನಿ" ಅಂದಳು.

ಮೇಷ್ಟ್ರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದೇ ಅವರ ದೊಡ್ಡ ಕಾಯಿಲೆ.

"ಲ್ಯಾಟಿನ್ ಮಾತು. ಮನೆ ಆಳಿಗೆ ಒಂದು ಹೆಸರಿತ್ತು ಅಲ್ಲಿ. ಅದರಿಂದ ಹುಟ್ಟಿದ್ದು. ಫ್ಯಾಮಿಲಿ ಅಂದ್ರೆ ಮೊದಲು ಒಂದು ಮನೇಲಿರೋ ಆಳುಗಳೆಲ್ಲ ಸೇರಿ ಒಂದು ಗುಂಪು. ಇಂಗ್ಲಿಷಿಗೆ ಬಂದಾಗಲೂ ಆಳುಕಾಳು ಅನ್ನೋ ಅರ್ಥವೇ ಮೊದಲು ಬಂದದ್ದು. ಅಪ್ಪ ಅಮ್ಮ ಮಕ್ಕಳು ಅನ್ನೋದು ಎಷ್ಟೋ ಕಾಲದ ಮೇಲೆ. ಮಾತು ನಿಧಾನಕ್ಕೆ ಅಡುಗೆಮನೆಯಿಂದ ನಡುಮನೆಗೆ ಬಂತು. ನಡುಮನೇಲಿ ಕೂತಿದ್ದೋರು ಅದನ್ನ ಇಟ್ಕೊಂಡ್ರು."

"ತಂದೋರು ಎಲ್ಲಿಗೆ ಹೋದ್ರು?"

"ವಾಪಸ್ ಅಡುಗೆಮನೆಗೆ."

ಅವಳು ಒಂದು ಗಳಿಗೆ ಚೀಟಿಯನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಉಕ್ಕಿ ಬಂತು. "ಹಾಗಾದ್ರೆ ಈ ಮನೇಲಿ ಅಸಲಿ ಫ್ಯಾಮಿಲಿ ಅಂದ್ರೆ ನಾನೊಬ್ಬಳೇ ಅಂದಂಗಾಯ್ತು! ನೀವೆಲ್ಲ ಆಮೇಲೆ ಬಂದು ಸೇರ್ಕೊಂಡೋರು!"

ಮೇಷ್ಟ್ರು ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿದು, ಕುರುಡು ಕಣ್ಣು ಒರೆಸಿಕೊಂಡು ಮೇಜಿನ ಮೇಲೆ ಮೂರು ಸಲ ಕುಟ್ಟಿದರು. ಟಕ್ ಟಕ್ ಟಕ್. ಒಂದನೇ ಅರ್ಥ ಸತ್ತಿದೆ. ಅವಳು ಕೆಂಪು ಪೆನ್ಸಿಲ್ ತೆಗೆದುಕೊಂಡು 'ಮನೆಯ ಆಳುಗಳು' ಅನ್ನುವುದರ ಮುಂದೆ ಚೂರಿ ಬರೆದಳು. ಬರೆಯುವಾಗ ಹಾಯೆನಿಸಿತು. ಸತ್ತದ್ದೇ ಒಳ್ಳೆಯದಾಯಿತು ಅಂದುಕೊಂಡಳು.

ಆ ಡಬ್ಬಿ ಮುಗಿದದ್ದು ಸೋಮವಾರ. ಗುರುವಾರ ಬೆಳಿಗ್ಗೆ ಟೀ ತೆಗೆದುಕೊಂಡು ಹೋದಾಗ ಮೇಷ್ಟ್ರು ಕುರ್ಚಿಯಿಂದ ಅರ್ಧ ಜಾರಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಎಡಗೈ ಸತ್ತಿತ್ತು, ಮಾತು ಹೋಗಿತ್ತು. ಅವಳ ಕೂಗಿಗೆ ಮಗ ಮಹಡಿಯಿಂದ ಇಳಿದು ಬಂದ. ಆಂಬುಲೆನ್ಸಿನಲ್ಲಿ ಜಾಗವಿಲ್ಲ ಅಂದರು, ಅವಳು ಬಸ್ಸು ಹತ್ತಿ ಹಿಂದೆ ಹೋದಳು.

ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಒಬ್ಬ ಗಾರ್ಡು. ಬಾಗಿಲಿಗೆ ತಟ್ಟೆಯಗಲದ ಒಂದು ಗಾಜು. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು, ಎರಡೇ ಪಾಸು. ಮೊದಲ ದಿನ ಮಗ ಸೊಸೆ ಹೋಗಿ ಬಂದರು. ಎರಡನೇ ದಿನ ಮಗನ ಜೊತೆ ಅವನ ವ್ಯಾಪಾರದ ಪಾಲುದಾರ ಒಳಗೆ ಹೋದ. ಅಷ್ಟು ದೂರದಿಂದ ಬಂದಿದ್ದಾರೆ, ಬೇಡ ಅನ್ನೋಕಾಗುತ್ತಾ ಅಂತ ಸೊಸೆ ಅವಳಿಗೆ ವಿವರಿಸಿದಳು. ಅವಳು ಮುಖವನ್ನು ಗಾಜಿಗೆ ಒತ್ತಿ ನಿಂತಳು.

ಮೇಷ್ಟ್ರ ಬಲಗೈ ಕಾಣುತ್ತಿತ್ತು. ತೋರುಬೆರಳು ಮಂಚದ ಪಕ್ಕದ ಸರಳನ್ನು ಕುಟ್ಟುತ್ತಿತ್ತು. ಎರಡು ಸಲ. ನಿಂತಿತು. ಮತ್ತೆ ಎರಡು ಸಲ. ಗಾಜಿನ ಈಚೆಗೆ ಸದ್ದು ಕೇಳುತ್ತಿರಲಿಲ್ಲ, ಆದರೆ ಹನ್ನೆರಡು ವರ್ಷ ಕೇಳಿದ ಸದ್ದನ್ನು ಕಿವಿಯಿಂದಲೇ ಕೇಳಬೇಕೆಂದೇನಿಲ್ಲ. ಇನ್ನೊಮ್ಮೆ ಓದು. ಇನ್ನೊಮ್ಮೆ ಓದು. ಪಾಲುದಾರ ತಲೆ ಹತ್ತಿರ ನಿಂತು ಮೊಬೈಲ್ ನೋಡುತ್ತಿದ್ದ.

ಮಗ ಹೊರಗೆ ಬಂದ ಕೂಡಲೇ ಅವಳು ಎದುರಿಗೆ ನಿಂತಳು. "ಸಾರ್, ಮೇಷ್ಟ್ರಿಗೆ ಜ್ಞಾನ ಇದೆ. ಮಾತಾಡ್ತಿದ್ದಾರೆ. ಬೆರಳು ನೋಡಿ ಸಾರ್, ಎರಡು ಸಲ ಕುಟ್ತಾರಲ್ಲ, ಅದು ನನಗೆ ಇನ್ನೊಮ್ಮೆ ಓದು ಅಂತ. ಐದೇ ನಿಮಿಷ ಒಳಗೆ ಬಿಡ್ಸಿ. ಏನಾದ್ರೂ ಓದಿ ಹೇಳ್ತೀನಿ."

"ಅಕ್ಕ, ಅದು ನರದ ಅದುರು ಅಂತ ಡಾಕ್ಟ್ರೇ ಹೇಳಿದ್ದಾರೆ. ನೀವು ಸುಮ್ನೆ ಇಲ್ಲದ್ದು ತಲೆಗೆ ಹಚ್ಕೋಬೇಡಿ."

"ನರಕ್ಕೆ ಎರಡು ಅಂತ ಎಣಿಸೋಕೆ ಬರುತ್ತಾ ಸಾರ್?"

ಅವಳ ದನಿ ಏರಿತ್ತು. ಗಾರ್ಡು ಹತ್ತಿರ ಬಂದ. "ಏನಮ್ಮಾ ಗಲಾಟೆ? ಫ್ಯಾಮಿಲಿ ಮಾತ್ರ ಒಳಗೆ. ನೀವು ಯಾರು, ಪೇಷೆಂಟಿಗೆ ಏನಾಗ್ಬೇಕು?"

ಅವಳು ಮಗನ ಮುಖ ನೋಡಿದಳು. ಸೊಸೆಯ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಹತ್ತೊಂಬತ್ತು ವರ್ಷ ಪುಕ್ಕಟೆಯಾಗಿ ಹಂಚಿದ ಮಾತನ್ನು ಆ ಬಾಗಿಲಲ್ಲಿ ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು.

"ಇವ್ರು ನಮ್ಮ ಮನೆ ಕೆಲಸದವ್ರು. ನೀವು ತಪ್ಪು ತಿಳ್ಕೋಬೇಡಿ, ಸ್ವಲ್ಪ ಅಟ್ಯಾಚ್‌ಮೆಂಟು ಜಾಸ್ತಿ" ಅಂದ ಮಗ, ಗಾರ್ಡಿಗೆ. ಮೆತ್ತಗೇ ಅಂದ. ಈಗಲೂ ಬೈಯಲಿಲ್ಲ.

ಮಧ್ಯಾಹ್ನ ನರ್ಸು ಬಂದು, ಮೇಷ್ಟ್ರು ಬೆರಳಿಗೆ ಹಾಕಿದ ವೈರನ್ನೆಲ್ಲ ಕುಟ್ಟಿ ಕುಟ್ಟಿ ಉದುರಿಸುತ್ತಿದ್ದಾರೆ ಅಂತ ಬಲಗೈಯನ್ನು ಬಟ್ಟೆಪಟ್ಟಿಯಿಂದ ಸರಳಿಗೆ ಕಟ್ಟಿದಳು. ಅವಳು ಅದನ್ನೂ ಗಾಜಿನಲ್ಲಿ ನೋಡಿದಳು. ಕಟ್ಟಿದ ಮೇಲೂ ಬೆರಳಿನ ತುದಿ ಗಾಳಿಯಲ್ಲಿ ಆಡಿತು. ಎರಡು ಸಲ. ಮತ್ತೆ ಎರಡು. ಗಾಳಿಯನ್ನು ಕುಟ್ಟಿದರೆ ಏನು ಬಂತು? ಆಮೇಲೆ ಒಂದು ಸಲ ಮಾತ್ರ ಆಡಿತು, ಆಮೇಲೆ ನಿಂತಿತು.

ಮೂರನೇ ದಿನ ಬೆಳಿಗ್ಗೆ ಹೋಗಿಬಿಟ್ಟರು. ಮನೆಗೆ ತಂದಾಗ ಬಲಗೈ ಮಣಿಕಟ್ಟಿನಲ್ಲಿ ಪಟ್ಟಿಯ ಗೆರೆ ಇನ್ನೂ ಹಾಗೇ ಇತ್ತು. ಬಂದವರೆಲ್ಲ ಮುಖ ನೋಡಿ ಅತ್ತರು. ಅವಳು ಆ ಗೆರೆ ನೋಡಿ ಅತ್ತಳು, ಅದೂ ಟೀ ಲೋಟ ತೊಳೆಯುವ ಸಿಂಕಿನ ಮುಂದೆ, ನಲ್ಲಿ ಜೋರಾಗಿ ಬಿಟ್ಟುಕೊಂಡು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರೆ. ಇಲ್ಲಿ ಹೊಳೆ ಇನ್ನೂ ಪೂರ್ತಿ ದಾಟಿರಲಿಲ್ಲ. ನಿಘಂಟಿನ ಅಚ್ಚಿಗೆ ಪ್ರೆಸ್ಸಿನವರು ಒಪ್ಪಿದ್ದರು, ವರ್ಷ ತುಂಬುವುದರೊಳಗೆ ದೊಡ್ಡ ಸಭೆ ಮಾಡಿ ಬಿಡುಗಡೆ ಅಂತ ಮಗ ಊರಿಗೆಲ್ಲ ಹೇಳಿಯಾಗಿತ್ತು. ಆದರೆ ಯಾವ ಡಬ್ಬಿ ಮೊದಲು, ಯಾವ ಕಟ್ಟಿನ ಹಿಂದೆ ಯಾವ ಕಟ್ಟು, ಯಾವುದು ಇನ್ನೂ ಅರೆಬರೆ ಅಂತ ಆ ಮನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಹತ್ತನೇ ದಿನ ಸೊಸೆ ಅಡುಗೆಮನೆಗೆ ಬಂದು ಅದೇ ಹೆಗಲ ಮೇಲೆ ಅದೇ ಕೈ ಇಟ್ಟಳು.

"ಅಕ್ಕ, ಮುಂದಿನ ತಿಂಗಳಿಂದ ಕೆಳಗಿನ ಭಾಗ ಬಾಡಿಗೆಗೆ ಕೊಡ್ತಿದ್ದೀವಿ. ನಮಗೆ ಮೇಲೆ ಅಡುಗೆಗೆ ಯಾರೂ ಬೇಕಾಗಲ್ಲ. ಅಷ್ಟರೊಳಗೆ ಮಾವನ ಡಬ್ಬಿಗಳನ್ನೊಂದು ಸರಿಮಾಡ್ಕೊಟ್ಟು ಹೋಗಿಬಿಡಿ. ಹೊರಗಿನೋರಿಗೆ ಹೇಳೋಕಾಗುತ್ತಾ? ನೀವು ಫ್ಯಾಮಿಲಿ ಥರ ಅಲ್ವಾ?"

ಅವಳು ಈ ಸಲ ಉಬ್ಬಲಿಲ್ಲ. ಕ್ಯಾಲೆಂಡರಿನ ಕಡೆ ನೋಡಿದಳು. "ಆಗಲಿ ಮೇಡಂ" ಅಂದಳು.

ಹದಿನೇಳು ದಿನ ಕೂತಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದೇ ಡಬ್ಬಿ ಇಳಿಸಿ, ಧೂಳು ಝಾಡಿಸಿ, ಕಟ್ಟು ಬಿಚ್ಚಿ, ಓದಿ, ಮತ್ತೆ ಕಟ್ಟಿದಳು. ಜೋರಾಗಿಯೇ ಓದಿದಳು. ಆಸ್ಪತ್ರೆಯಲ್ಲಿ ಓದಲಾಗದ್ದನ್ನು ಇಲ್ಲಿ ಖಾಲಿ ಕುರ್ಚಿಗೆ ಓದಿದಳು ಅಂತ ಬೇಕಾದರೆ ಅನ್ನಿ. ಎಫ್ ಅಕ್ಷರದ ಡಬ್ಬಿಯಲ್ಲಿ ಆ ಕಟ್ಟು ಬಂತು. ಒಂದನೇ ಅರ್ಥ, ಮನೆಯ ಆಳುಗಳು. ಅದರ ಮುಂದೆ ತಾನೇ ಹಾಯಾಗಿ ಹಾಕಿದ ಚೂರಿ.

ರಬ್ಬರ್ ಕೈಗೆ ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು. ಸುಮ್ಮಸುಮ್ಮನೆ ಅಳಿಸಿದರೆ ಮೇಷ್ಟ್ರು ಮೇಲಿಂದಲೇ ಕಿವಿ ಹಿಂಡುತ್ತಾರೆ. ಮೂರು ಸಾಕ್ಷಿ ಬೇಕು, ಬೇರೆ ಬೇರೆ ಮೂರು ದಿನದ್ದು, ಜೀವಂತ ಬಾಯಿಂದ ಕೇಳಿದ್ದು. ಹೊಸ ಚೀಟಿ ಎಳೆದುಕೊಂಡು ಬರೆದಳು.

"ನೀವು ಫ್ಯಾಮಿಲಿ ಅಲ್ವಾ, ಕೊನೇಲಿ ತಿಂದ್ರಾಯ್ತು." ಹೇಳಿದವರು: ಮನೆಯ ಸೊಸೆ. ಜಾಗ: ಅಡುಗೆಮನೆ. ಮಹಡಿ ಕಟ್ಟಿ ಮುಗಿದ ದಿನದ ತಾರೀಖು ಗೇಟಿನ ಪಕ್ಕದ ಕಲ್ಲಿನಲ್ಲೇ ಕೆತ್ತಿತ್ತು.

"ಫ್ಯಾಮಿಲಿ ಅಂದ್ಮೇಲೆ ರಜೆ ಗಿಜೆ ಅಂತ ಎಲ್ಲಾದ್ರೂ ಇರುತ್ತಾ ಅಕ್ಕ?" ಹೇಳಿದವರು: ಮನೆಯ ಮಗ. ಜಾಗ: ನಡುಮನೆ. ತಾರೀಖು, ತಂಗಿ ಮಗಳ ಮದುವೆಯ ಮೂರು ದಿನ ಮುಂಚೆ. ಹೋದ ಮದುವೆಯ ತಾರೀಖು ಮರೆಯಬಹುದು, ಹೋಗದ ಮದುವೆಯದ್ದು ಮರೆಯುತ್ತದೆಯೇ?

ಮೂರನೆಯದಕ್ಕೆ ಕ್ಯಾಲೆಂಡರ್ ನೋಡಿಕೊಂಡದ್ದಾಗಿತ್ತು. "ಅಷ್ಟರೊಳಗೆ ಮಾವನ ಡಬ್ಬಿಗಳನ್ನೊಂದು ಸರಿಮಾಡ್ಕೊಟ್ಟು ಹೋಗಿಬಿಡಿ. ಹೊರಗಿನೋರಿಗೆ ಹೇಳೋಕಾಗುತ್ತಾ? ನೀವು ಫ್ಯಾಮಿಲಿ ಥರ ಅಲ್ವಾ?"

ಮೂರನ್ನೂ ಎರಡೆರಡು ಸಲ ಓದಿಕೊಂಡಳು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಸಿಟ್ಟಿಗೆ ಬರೆದದ್ದು ನಿಜ. ಬೇಕಾದಷ್ಟು ಸಿಟ್ಟಿತ್ತು, ಆ ಬಾಗಿಲ ಗಾಜು ಒಡೆಯುವಷ್ಟಿತ್ತು. ಆದರೆ ಸುಳ್ಳು ಬರೆದದ್ದಲ್ಲ. ಆಮೇಲೆ ರಬ್ಬರ್ ತೆಗೆದುಕೊಂಡು ಚೂರಿಯನ್ನು ತಿಕ್ಕಿ ತಿಕ್ಕಿ ಅಳಿಸಿದಳು. ಕೆಂಪು ಪುಡಿ ಊದಿದಳು. ಐದನೇ ಸಲ.

ಪ್ರೆಸ್ಸಿನವರು ಡಬ್ಬಿಗಳನ್ನು ಹೊತ್ತುಕೊಂಡು ಹೋದ ದಿನವೇ ಅವಳು ಒಂದು ಚೀಲ, ಒಂದು ಸೂಟ್‌ಕೇಸ್ ಹಿಡಿದು ತಂಗಿಯ ಮನೆಗೆ ಹೋದಳು. ತಂಗಿ ಏನಾದರೂ ಚುಚ್ಚುತ್ತಾಳೆ ಅಂದುಕೊಂಡಿದ್ದಳು. ಚುಚ್ಚಲಿಲ್ಲ. ಚೀಲ ಕೈಯಿಂದ ತೆಗೆದುಕೊಂಡು, "ರೂಮಿಗೆ ಸುಣ್ಣ ಹೊಡೆಸಿ ವರ್ಷವಾಯ್ತು" ಅಂದಳು ಅಷ್ಟೇ. ಅವಳು ಗುಂಡಿ ಹಚ್ಚುವ, ಅಂಚು ಹೊಲಿಯುವ ಕೆಲಸ ಕಲಿತಳು.

ಪ್ರೆಸ್ಸಿನಲ್ಲಿ ಕರಡು ತಿದ್ದುವವನಿಗೆ ಕೊಟ್ಟಿದ್ದ ಕೆಲಸ, ಚೀಟಿಯಲ್ಲಿದ್ದದ್ದು ಅಚ್ಚಿನಲ್ಲಿದೆಯೋ ಇಲ್ಲವೋ ನೋಡು ಅಂತಷ್ಟೇ. ನೋಡಿದ, ಇತ್ತು. ಮಗ ನೋಡಿದ್ದು ರಟ್ಟನ್ನು, ಅಪ್ಪನ ಫೋಟೋವನ್ನು, ತಾನು ಬರೆಸಿದ ಮುನ್ನುಡಿಯನ್ನು. ಬಿಡುಗಡೆಯ ಸಭೆಗೆ ಅವಳನ್ನು ಕರೆಯಲಿಲ್ಲ.

ಸಭೆ ಮುಗಿದು ಎಂಟು ದಿನಕ್ಕೆ, ಮಧ್ಯಾಹ್ನ ಅವಳು ಕೋಟಿನ ಗುಂಡಿ ಹಚ್ಚುತ್ತಿದ್ದಾಗ ಫೋನು ಬಂತು. ಸೊಸೆ. ಜೇನಿಲ್ಲ ಏನಿಲ್ಲ.

"ಏನಿದು ಅಕ್ಕ ನೀವು ಮಾಡಿರೋದು? ಇನ್ನೂರ ಹನ್ನೊಂದನೇ ಪುಟ! ಯಾರೋ ಸಭೇಲಿ ಕೊಂಡವರು ಫೋಟೋ ತೆಗೆದು ಎಲ್ಲರಿಗೂ ಕಳಿಸ್ತಿದ್ದಾರೆ. ಇದು ಯಾವ ಮನೆ ಸೊಸೆ ಅಂತ ಜನ ನನ್ನೇ ಕೇಳ್ತಿದ್ದಾರೆ!"

"ಹೆಸರಿಲ್ಲವಲ್ಲ ಮೇಡಂ."

"ಹೆಸರಿಲ್ಲದಿದ್ರೆ ಗೊತ್ತಾಗಲ್ವಾ? ಉಂಡ ಮನೆಗೆ ಎರಡು ಬಗೆದ್ರಲ್ಲ! ಚೂರಿ ಹಾಕಿದ್ರಲ್ಲ ಬೆನ್ನಿಗೆ!"

"ಹಾಕಿಲ್ಲ ಮೇಡಂ, ತೆಗೆದೆ."

ಅದು ಸೊಸೆಗೆ ಅರ್ಥವಾಗಲಿಲ್ಲ. ಅರ್ಥವಾಗುವವರು ಒಬ್ಬರೇ ಇದ್ದರು. "ಇಷ್ಟು ವರ್ಷ ಫ್ಯಾಮಿಲಿ ಥರ ಇಟ್ಕೊಂಡ್ವಿ ನಿಮ್ಮನ್ನ!" ಅಂತ ಸೊಸೆ ಕಿರುಚಿದಳು. "ಫ್ಯಾಮಿಲಿ ಥರ! ತಿಂದದ್ದಕ್ಕಾದ್ರೂ ನಿಯತ್ತು ಬೇಡ್ವಾ?"

"ಸ್ವಲ್ಪ ತಾಳಿ ಮೇಡಂ" ಅಂದಳು ಅವಳು. ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದಿಟ್ಟು, ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದಳು. "ಇನ್ನೊಂದು ಸಲ ಹೇಳಿ. ತಾರೀಖು ಹಾಕ್ಕೋತೀನಿ."

ಫೋನು ಕಟ್ಟಾಯಿತು. ಅವಳು ಬರೆದೇ ಬರೆದಳು. ಆಡಿದ ಮಾತು, ಹೇಳಿದವರು, ಜಾಗ ಫೋನು, ತಾರೀಖು. ಬರೆದು ಮುಗಿಸಿ, ರೂಢಿಯಂತೆ ಜೋರಾಗಿ ಒಂದು ಸಲ ಓದಿದಳು. ತಂಗಿಯ ಹೊಲಿಗೆ ಮಿಷನ್ನು ನಿಂತಿತು. ಆಮೇಲೆ ಮತ್ತೆ ಓಡಿತು. ಅವಳು ಹಾಳೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದಳು. ಎರಡು ಸಲ ಕುಟ್ಟುವವರು ಯಾರೂ ಇರಲಿಲ್ಲ.